ಎರಡು ಪೈಸೆ ಕೊಟ್ಟು ಕಲಿಸಿದ ಶಾಲೆ

ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ 1892ರಲ್ಲಿ ಒಂದು ಬಾಡಿಗೆ ಕಟ್ಟಡದಲ್ಲಿ ಶಾಲೆ ಶುರುವಾಯಿತು. ಅಲ್ಲಿಗೆ ಕಲಿಯಲು ಬಂದವರು, ಊರ ಶಾಲೆಗಳು ಜಗಲಿ ಹತ್ತಲೂ ಬಿಡದಿದ್ದ ಜಾತಿಗಳ ಮಕ್ಕಳು. ಶುರು ಮಾಡಿದವರು ಮಂಗಳೂರಿನ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದ ಸಾರಸ್ವತ ಬ್ರಾಹ್ಮಣ ಕುದ್ಮುಲ್ ರಂಗರಾಯರು. ಐದು ವರ್ಷ ಕಳೆದು, 1897ರಲ್ಲಿ, ಆ ಶಾಲೆಯ ಸುತ್ತ ಬೆಳೆದ ಕೆಲಸಗಳಿಗೆಲ್ಲ ಒಂದು ಸಂಸ್ಥೆಯ ರೂಪ ಬಂತು. ಅದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಮಂಗಳೂರಿನ ಹಳಬರ ಬಾಯಲ್ಲಿ ಬರೀ ‘ಡಿ.ಸಿ.ಎಂ.’

ಸಂಸ್ಥೆ ಹುಟ್ಟಿ 125 ವರ್ಷ ದಾಟಿದೆ. ಇಂಥ ಹೊತ್ತಿನಲ್ಲಿ ಸ್ಥಾಪಕರಿಗೆ ಹಾರ ಹಾಕಿ, ಹೆಸರುಗಳ ಪಟ್ಟಿ ಓದಿ ಮುಗಿಸುವುದು ವಾಡಿಕೆ. ರಂಗರಾಯರ ಬಗ್ಗೆ ಹೇಳುವಾಗ ಅವರ ತ್ಯಾಗ, ಅವರು ಅನುಭವಿಸಿದ ಬಹಿಷ್ಕಾರ, ಅವರ ಕೊನೆಯ ಆಸೆ ಇವುಗಳ ಸುತ್ತಲೇ ಮಾತು ಸುತ್ತುತ್ತದೆ. ಅವೆಲ್ಲ ನಿಜ, ಮುಂದೆ ಬರುತ್ತವೆ ಕೂಡ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಬುದ್ಧಿ. ಬಡ ಮಗು ಶಾಲೆಯಲ್ಲಿ ಹಿಂದೆ ಬೀಳುವುದಕ್ಕೆ ಕಾರಣ ಆ ಮಗುವಿನ ತಲೆಯೊಳಗೆ ಇಲ್ಲ, ಅದರ ಹೊಟ್ಟೆಯಲ್ಲಿ, ಮನೆಯ ನೆಲದಲ್ಲಿ, ಧಣಿಯ ಗದ್ದೆಯಲ್ಲಿ, ಮಾಸ್ತರರ ಮೈಲಿಗೆಯಲ್ಲಿ ಇದೆ ಎಂದು ಅವರು ಬೇಗ ಕಂಡುಕೊಂಡರು. ಕಂಡ ಮೇಲೆ ಆ ಕಾರಣಗಳ ಮೇಲೆಯೇ ಒಂದೊಂದಾಗಿ ಕೈ ಹಾಕಿದರು. ಮಿಷನ್ನಿನ ಚರಿತ್ರೆ ಎಂದರೆ ಹಾಗೆ ಕೈ ಹಾಕುತ್ತ ಹೋದ ಚರಿತ್ರೆ.

ಅದು ಎಷ್ಟು ಮುಂದಿನ ಯೋಚನೆ ಎಂದು ತಿಳಿಯಲು ಆ ಕಾಲಕ್ಕಿಂತ ಸ್ವಲ್ಪ ಹಿಂದೆ, ಧಾರವಾಡಕ್ಕೆ ಹೋಗಬೇಕು. 1856ರ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಹುಡುಗನೊಬ್ಬ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಶಾಲೆ ಸೇರಿಸಿಕೊಳ್ಳಲಿಲ್ಲ. ಹುಡುಗ ಅಲ್ಲಿಗೆ ಬಿಡದೆ ಮುಂಬೈ ಸರ್ಕಾರದ ತನಕ ಹೋದ. ಬಂದ ಉತ್ತರದ ಸಾರ ಇಷ್ಟು: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಮುಂದೆ ಬಂದಿರುವವನು ಒಬ್ಬನೇ, ಅವನೊಬ್ಬನಿಗಾಗಿ ಉಳಿದವರ ಜೊತೆ ಒತ್ತಾಯದಿಂದ ಕೂರಿಸಿದರೆ ಶಾಲೆ ಬಹುಮಂದಿಗೆ ಉಪಯೋಗವಿಲ್ಲದಂತಾಗುತ್ತದೆ. ವಿಷಯ ಭಾರತ ಸರ್ಕಾರಕ್ಕೆ, ಅಲ್ಲಿಂದ ಲಂಡನ್ನಿನ ಕಂಪನಿ ನಿರ್ದೇಶಕರ ಮಂಡಳಿಗೆ ಹೋಯಿತು. ಸರ್ಕಾರಿ ಹಣದಲ್ಲಿ ನಡೆಯುವ ಶಾಲೆ ಎಲ್ಲ ವರ್ಗಗಳಿಗೂ ತೆರೆದಿರಬೇಕು ಎಂದು ಮಂಡಳಿ 1858ರಲ್ಲಿ ಬರೆಯಿತು. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರರು ಧಾರವಾಡದ ಈ ಹುಡುಗನನ್ನು ನೆನೆದಿದ್ದಾರೆ.

ಹೀಗೆ ಹಕ್ಕು ಕಾಗದದ ಮೇಲೆ ಬಂತು. ಮುಂದೆ 1882ರ ಹಂಟರ್ ಶಿಕ್ಷಣ ಆಯೋಗವೂ ಆ ತತ್ವವನ್ನೇ ಎತ್ತಿ ಹಿಡಿಯಿತು. ಹಿಡಿಯುತ್ತಲೇ, ಜನ ಒಪ್ಪದ ಕಡೆ ಬೇರೆ ಶಾಲೆಗಳನ್ನು ತೆರೆಯಬಹುದು ಎಂದೂ ಹೇಳಿತು. ಕಾಗದದ ಹಕ್ಕಿಗೂ ಮಗುವಿನ ಕೈಯ ಹಲಗೆಗೂ ನಡುವೆ ಇದ್ದ ದೂರ ಹಾಗೇ ಉಳಿಯಿತು.

ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಜಿಲ್ಲೆ. ಶಿಕ್ಷಣದಲ್ಲಿ ಅದು ಹಿಂದುಳಿದ ನಾಡಾಗಿರಲಿಲ್ಲ. ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿತ್ತು. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಇಲ್ಲಿಂದಲೇ ಹೊರಬಂತು. ಇಷ್ಟೆಲ್ಲ ಬೆಳಕಿದ್ದ ಊರಿನಲ್ಲಿಯೇ ಗುತ್ತಿನ ಮನೆಯ, ಅಂದರೆ ದೊಡ್ಡ ಧಣಿಗಳ ಮನೆಯ, ಗದ್ದೆಗೆ ಮೂಲದಾಳಾಗಿ ದುಡಿಯುವ ಕುಟುಂಬಗಳಿದ್ದವು. ಗದ್ದೆ ಕೈ ಬದಲಾಯಿಸಿದರೆ ಆಳುಗಳೂ ಜೊತೆಗೇ ಹೋಗುವ ಕಾಲವನ್ನು ಆ ತಲೆಮಾರಿನ ಹಿರಿಯರು ಕಣ್ಣಾರೆ ಕಂಡಿದ್ದರು. ಕೊರಗ ಬುಡಕಟ್ಟಿನವರ ಸ್ಥಿತಿ ಇನ್ನೂ ಕೆಳಗಿತ್ತು. ಅಜಲು ಎಂಬ ಪದ್ಧತಿಯ ಹೆಸರಿನಲ್ಲಿ ಅವರಿಂದ ಮಾಡಿಸುತ್ತಿದ್ದುದನ್ನು ಇಲ್ಲಿ ಬರೆಯಲು ಕೈ ಬಾರದು. ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬರಲು 2000ನೇ ಇಸವಿಯೇ ಬೇಕಾಯಿತು.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡಿನಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದರು. ಸಣ್ಣ ಸಂಬಳಕ್ಕೆ ಶಾಲಾ ಮಾಸ್ತರರಾಗಿ ದುಡಿಯುತ್ತ, ಖಾಸಗಿಯಾಗಿ ಓದಿ, ವಕೀಲಿ ಪರೀಕ್ಷೆ ಪಾಸು ಮಾಡಿದರು. ದುಡಿದುಕೊಂಡು ಓದುವುದು ಎಷ್ಟು ಕಷ್ಟ ಎಂಬುದು ಅವರಿಗೆ ಸ್ವಂತ ಬಾಳಿನಿಂದಲೇ ಗೊತ್ತಿತ್ತು. ಶಾಲೆ ಕಟ್ಟಿದವರಲ್ಲಿ ಈ ಅನುಭವ ಎಲ್ಲರಿಗೂ ಇರುವುದಿಲ್ಲ.

ಅವರ ಮನಸ್ಸನ್ನು ತಿದ್ದಿದ್ದು ಬ್ರಹ್ಮಸಮಾಜ. ಮಂಗಳೂರಿಗೆ ಬ್ರಹ್ಮಸಮಾಜದ ವಿಚಾರ ಬಂದ ಬಗೆಯೂ ಸ್ವಾರಸ್ಯದ್ದು. ಬಿಲ್ಲವರ ಮುಂದಾಳು ಅರಸಪ್ಪನವರು ತಮ್ಮ ಜನಕ್ಕೆ ಗೌರವದ ಧರ್ಮವೊಂದನ್ನು ಹುಡುಕುತ್ತಿದ್ದರು. ಆ ಹುಡುಕಾಟ ಕಲ್ಕತ್ತೆಯ ಬ್ರಹ್ಮಸಮಾಜಕ್ಕೆ ತಲುಪಿ 1870ರಲ್ಲಿ ಅಲ್ಲಿಂದ ಪ್ರತಿನಿಧಿಗಳು ಬಂದರು. ಉಲ್ಲಾಳ ರಘುನಾಥಯ್ಯನವರ ಸುತ್ತ ಸೇರಿದ ಸಾರಸ್ವತರ ಗುಂಪೂ ಆಗಲೇ ಉಪಾಸನಾ ಸಭೆ ಕಟ್ಟಿಕೊಂಡಿತು. ಹಾಗಾಗಿ ಮಂಗಳೂರಿನ ಸುಧಾರಣೆಯ ಕತೆಯಲ್ಲಿ ಮೊದಲ ಕೂಗು ಕೆಳಗಿನಿಂದಲೇ ಬಂತು ಎಂಬುದನ್ನು ಮರೆಯಬಾರದು. ರಂಗರಾಯರು ಬೆಳೆದದ್ದು ಈ ಗಾಳಿಯಲ್ಲಿ.

ಶಾಲೆಗೆ ಹತ್ತಿರದ ಕಾರಣವಾಗಿ ಮಂಗಳೂರಿನಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾರೆ. ಬೆಂದೂರಿನ ದಲಿತನೊಬ್ಬ ಹೇಗೋ ನಾಲ್ಕನೇ ತರಗತಿಯವರೆಗೆ ಓದಿ ಕೋರ್ಟಿನಲ್ಲಿ ಜವಾನನ ಕೆಲಸ ಪಡೆದ. ಅದನ್ನೂ ಮೇಲ್ಜಾತಿಯವರು ಸಹಿಸಲಿಲ್ಲ. ಅವನಿಗಾದ ಅವಮಾನವನ್ನು ಅದೇ ಕೋರ್ಟಿನ ವಕೀಲರಾಗಿ ರಂಗರಾಯರು ಕಂಡರು. ಒಬ್ಬನೇ ಓದಿದರೆ ಅವನನ್ನು ಹಿಂಡಿ ಹಾಕುತ್ತಾರೆ. ನೂರಾರು ಮಂದಿ ಒಟ್ಟಿಗೆ ಓದಬೇಕು ಎಂಬ ನಿರ್ಧಾರಕ್ಕೆ ಇಂಥ ಅನುಭವ ಕಾರಣವಾಗಿದ್ದರೆ ಅಚ್ಚರಿಯಿಲ್ಲ. ಮುಂಬೈ ಸರ್ಕಾರ ಧಾರವಾಡದ ಹುಡುಗನಿಗೆ ಹೇಳಿದ್ದು ಅದನ್ನೇ ತಾನೆ, ನೀನೊಬ್ಬನೇ ಎಂದು.

ಕಾಲದ ಲೆಕ್ಕ ನೋಡಿದರೆ ಚಿಲಿಂಬಿಯ ಶಾಲೆಯ ಹಿರಿಮೆ ತಿಳಿಯುತ್ತದೆ. ಪುಣೆಯಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿಯವರು 1850ರ ದಶಕದ ಆರಂಭದಲ್ಲೇ ಮಹಾರ, ಮಾಂಗ ಮಕ್ಕಳಿಗೆ ಶಾಲೆ ನಡೆಸಿದ್ದರು. ಆ ದಾರಿಯ ಮೊದಲಿಗರು ಅವರೇ. ನಮ್ಮ ದಕ್ಷಿಣದಲ್ಲಿ, ಥಿಯಾಸಫಿಯ ಕರ್ನಲ್ ಆಲ್ಕಾಟ್ ಅಡ್ಯಾರಿನಲ್ಲಿ ಪಂಚಮರಿಗೆ, ಅಂದರೆ ಅಸ್ಪೃಶ್ಯರೆನಿಸಿದವರಿಗೆ, ಶಾಲೆ ತೆರೆದದ್ದು 1894ರಲ್ಲಿ. ಮದರಾಸು ಸರ್ಕಾರ ಪಂಚಮರ ಶಿಕ್ಷಣಕ್ಕೆಂದು ಹೆಚ್ಚಿನ ಸಹಾಯಧನ, ಶಿಕ್ಷಕರ ತರಬೇತಿಗೆ ವೇತನ ಮೊದಲಾದುವನ್ನು ಕೊಡುವ ಆದೇಶ ಹೊರಡಿಸಿದ್ದು 1893ರ ಫೆಬ್ರವರಿಯಲ್ಲಿ. ಅದಕ್ಕೆ ಹಿನ್ನೆಲೆ ಚೆಂಗಲ್ಪಟ್ಟು ಜಿಲ್ಲೆಯ ಕಲೆಕ್ಟರ್ ಟ್ರೆಮೆನ್‌ಹೀರ್ ಬರೆದ ವರದಿ. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬೈಯಲ್ಲಿ ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ. ಫುಲೆ ದಂಪತಿಯ ಶಾಲೆಗಳನ್ನು ಬಿಟ್ಟರೆ ಇವೆಲ್ಲಕ್ಕೂ ಮೊದಲೇ ಚಿಲಿಂಬಿಯಲ್ಲಿ ಪಾಠ ನಡೆಯುತ್ತಿತ್ತು.

ಕಟ್ಟಡ ಸಿಕ್ಕಿತು, ಮಕ್ಕಳೂ ಬಂದರು. ಕಲಿಸುವವರು ಯಾರು? ಮೇಲ್ಜಾತಿಯ ಮಾಸ್ತರರು ಸಂಬಳ ಕೊಟ್ಟರೂ ಈ ಮಕ್ಕಳ ಹತ್ತಿರ ಕೂರಲು ಒಪ್ಪಲಿಲ್ಲ. ಕೈ ಹಿಡಿದು ಅಕ್ಷರ ತಿದ್ದಿಸುವುದೆಂದರೆ ಮುಟ್ಟಲೇಬೇಕು. ದೂರದಿಂದ ಬರೆಯಿಸಲು ಬರುವ ವಿದ್ಯೆ ಅಲ್ಲ ಅದು. ರಂಗರಾಯರು ಕ್ರೈಸ್ತ ಶಿಕ್ಷಕರನ್ನು ಕರೆದು ತಂದರು. ಮಿಷನ್ನಿನ ಮೊದಲ ದಿನಗಳು ಉಳಿದದ್ದು ಆ ಶಿಕ್ಷಕರಿಂದ. ಜಿಲ್ಲೆಯಲ್ಲಿ ಬಾಸೆಲ್ ಮಿಷನ್ ಅರುವತ್ತು ವರ್ಷ ಶಾಲೆ ನಡೆಸಿರದಿದ್ದರೆ ಓದು ಬರಹ ಬಲ್ಲ, ಮುಟ್ಟಲು ಹಿಂಜರಿಯದ ಶಿಕ್ಷಕರು ಇಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ಒಂದು ಸಂಸ್ಥೆಯ ಫಲವನ್ನು ಇನ್ನೊಂದು ಸಂಸ್ಥೆ ಉಂಡಿತು, ಒಳ್ಳೆಯದೇ ಆಯಿತು.

ಚಿಲಿಂಬಿಯಲ್ಲಿ ಶಾಲೆ ಹೆಚ್ಚು ದಿನ ನೆಮ್ಮದಿಯಾಗಿ ನಿಲ್ಲಲಿಲ್ಲ. ಸುತ್ತಲಿನವರ ವಿರೋಧ, ಕಟ್ಟಡ ಕೊಡುವವರಿಗೆ ಬೆದರಿಕೆ, ಮಕ್ಕಳಿಗೆ ದಾರಿಯಲ್ಲಿ ಕಿರುಕುಳ. ಶಾಲೆ ಜಾಗ ಬದಲಿಸಿ ಕಂಕನಾಡಿಯ ಕಡೆಗೂ ಹೋಯಿತು. ಮುಂದೆ ಅತ್ತಾವರ ಬಾಬುಗುಡ್ಡೆ, ದಡ್ಡಲ್‌ಕಾಡು, ಮೂಲ್ಕಿ, ಉಡುಪಿ ಹೀಗೆ ಬೇರೆ ಕಡೆಗಳಲ್ಲೂ ಶಾಲೆಗಳು ಎದ್ದವು. ಈ ಜಾಗಗಳ ಹೆಸರು ಕೇಳಿದರೆ ಒಂದು ಸಂಗತಿ ಹೊಳೆಯುತ್ತದೆ. ಶಾಲೆ ಮಕ್ಕಳ ಕೇರಿಯ ಹತ್ತಿರ ಹೋಯಿತು, ಮಕ್ಕಳು ಊರ ನಡುವಿನಿಂದ ಬೈಗುಳ ತಿನ್ನುತ್ತ ಬರಲಿ ಎಂದು ಕಾಯಲಿಲ್ಲ.

ಈ ಕೆಲಸಕ್ಕಾಗಿ ರಂಗರಾಯರು ಅನುಭವಿಸಿದ್ದನ್ನು ಜನ ಇಂದಿಗೂ ಹೇಳುತ್ತಾರೆ. ಜಾತಿಯಿಂದ ಹೊರಹಾಕಿದರು. ಕ್ಷೌರಿಕರು ಬರಲಿಲ್ಲ, ನೆಂಟರು ದೂರವಾದರು. ಬೀದಿಯಲ್ಲಿ ಕಲ್ಲು ಬಿತ್ತು. ವಕೀಲಿಗೆ ಪೆಟ್ಟು ಬಿದ್ದರೂ ಇದ್ದುದನ್ನು ಮಿಷನ್ನಿಗೆ ಸುರಿದರು. ಇಷ್ಟು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಅವರು ಕೂಡ ಇದನ್ನು ದೊಡ್ಡದು ಮಾಡಿಕೊಂಡು ಕೂತವರಲ್ಲ.

ಅವರ ಮುಂದಿದ್ದ ದೊಡ್ಡ ಕಷ್ಟ ಬೇರೆಯಿತ್ತು. ಮಕ್ಕಳು ಬರುತ್ತಿದ್ದರು, ನಿಲ್ಲುತ್ತಿರಲಿಲ್ಲ. ತುಳುನಾಡಿನ ಬೇಸಾಯ ತಿಳಿದವರಿಗೆ ಕಾರಣ ಕೂಡಲೇ ಗೊತ್ತಾಗುತ್ತದೆ. ಇಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ ತೆಗೆಯುವ ಗದ್ದೆಗಳಿದ್ದವು. ಮಳೆ ಹಿಡಿದ ಕೂಡಲೇ ನಾಟಿ. ಅಪ್ಪ ಅಮ್ಮ ಬೆಳಕು ಹರಿಯುವ ಮೊದಲೇ ಧಣಿಯ ಗದ್ದೆಗೆ. ಹತ್ತು ವರ್ಷದ ಹುಡುಗನಿಗೆ ದನ ಕಾಯುವ ಕೆಲಸ, ಎಂಟು ವರ್ಷದ ಹುಡುಗಿಗೆ ಕೂಸು ನೋಡುವ ಕೆಲಸ. ನಾಟಿಯ ತಿಂಗಳಲ್ಲಿ ಶಾಲೆ ಬಿಟ್ಟ ಮಗು ಮರಳಿ ಬಂದಾಗ ಉಳಿದವರು ಒತ್ತಕ್ಷರಕ್ಕೆ ಹೋಗಿರುತ್ತಾರೆ, ಇದು ಕಾಗುಣಿತವನ್ನೂ ಮರೆತಿರುತ್ತದೆ. ಒಮ್ಮೆ ಹಾಗಾದರೆ ಮಗುವಿಗೆ ನಾಚಿಕೆ. ಎರಡನೇ ಬಾರಿ ಅದು ಬರುವುದೇ ಇಲ್ಲ. ಕಲಿಕೆಯ ಕಂದರ ಎಂದು ಇಂದು ನಾವು ವರದಿಗಳಲ್ಲಿ ಬರೆಯುವುದು ಹೀಗೆ, ಒಂದೊಂದು ಗೈರುಹಾಜರಿಯಿಂದ ಅಗೆದುಕೊಳ್ಳುತ್ತದೆ.

ಮಗು ಶಾಲೆಗೆ ಬಂದರೆ ಮನೆಗೆ ಆಗುವ ನಷ್ಟ ಎಷ್ಟು ಎಂದು ರಂಗರಾಯರು ಲೆಕ್ಕ ಹಾಕಿದರು. ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಮಧ್ಯಾಹ್ನಕ್ಕೆ ಊಟ ಕೊಟ್ಟರು. ಆ ಹಣವನ್ನು ಲಂಚ ಎಂದವರಿರಬಹುದು, ದಾನ ಎಂದವರೂ ಇರಬಹುದು. ನಾನು ಅದನ್ನು ಪರಿಹಾರ ಎನ್ನುತ್ತೇನೆ. ದಿನದ ಗಂಜಿ ದಿನದ ಕೂಲಿಯಲ್ಲಿ ನಿಂತಿರುವ ಮನೆಗೆ ಓದು ಎಂಬುದು ಕೈಯಿಂದ ಹಣ ತೆತ್ತು ಕೊಳ್ಳುವ ವಸ್ತು. ಶುಲ್ಕವಿಲ್ಲ ಎಂದ ಮಾತ್ರಕ್ಕೆ ಶಾಲೆ ಉಚಿತವಾಗುವುದಿಲ್ಲ ಎಂಬುದನ್ನು ಅವರು ಮದರಾಸು ನಗರಸಭೆ ಶಾಲಾ ಮಕ್ಕಳಿಗೆ ಊಟ ಹಾಕುವ ಪ್ರಯೋಗಕ್ಕೆ ಇಳಿಯುವ ಮೊದಲೇ ಅರಿತಿದ್ದರು. ಆ ಪ್ರಯೋಗ ಥೌಸಂಡ್ ಲೈಟ್ಸ್ ಪ್ರದೇಶದ ಒಂದು ಶಾಲೆಯಲ್ಲಿ ಶುರುವಾದದ್ದು 1920ರ ಸುಮಾರಿಗೆ. ಬೇಯಿಸಿದ ಬಿಸಿಯೂಟ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟು ಆದೇಶ ಮಾಡಿದ್ದು 2001ರ ನವೆಂಬರ್ 28ರಂದು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಆರಂಭವಾಗಿ ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು.

ಭಾಷೆಯ ತೊಡಕನ್ನೂ ಇಲ್ಲೇ ಹೇಳಬೇಕು. ಈ ಮಕ್ಕಳ ಮನೆಮಾತು ತುಳು, ಕೊರಗ ಮಕ್ಕಳಿಗೆ ಅವರದೇ ಭಾಷೆ. ಪಠ್ಯದ ಭಾಷೆ ಕನ್ನಡ. ಕನ್ನಡ ನಾಡಿನ ಹೊರಗಿನವರಿಗೆ ಇದು ಸಣ್ಣ ವ್ಯತ್ಯಾಸವೆಂದು ಕಾಣಬಹುದು. ತುಳು ಮಾತ್ರ ಕೇಳಿ ಬೆಳೆದ ಆರು ವರ್ಷದ ಮಗುವಿಗೆ ಪುಸ್ತಕದ ಕನ್ನಡ ಪರಭಾಷೆಯೇ. ಓದಿ ಬೆಳೆದ ಮನೆಗಳ ಮಕ್ಕಳು ಕನ್ನಡವನ್ನು ಯಕ್ಷಗಾನದಲ್ಲಿ, ಪುರಾಣ ವಾಚನದಲ್ಲಿ, ಕಚೇರಿಯ ಕಾಗದದಲ್ಲಿ ಕೇಳಿ ಕಂಡು ಬರುತ್ತಿದ್ದರು. ಪುರಾಣ ಓದುವ ಜಗಲಿಯಿಂದ ದೂರ ನಿಲ್ಲಬೇಕಾದ ಮಗುವಿಗೆ ಆ ಕಿವಿಯ ಪಾಠವೂ ಪೂರ್ತಿ ದಕ್ಕುತ್ತಿರಲಿಲ್ಲ. ಎರಡು ಮಕ್ಕಳು ಒಂದೇ ದಿನ ಓಂಕಾರ ಬರೆದರೂ ಅವರು ಹೊರಟ ಜಾಗ ಒಂದೇ ಆಗಿರಲಿಲ್ಲ. ಮೊದಲ ತಲೆಮಾರಿನ ಕಲಿಕೆಗಾರರಿಗೆ ಕಲಿಸಿದ ಶಿಕ್ಷಕರು ಈ ಭಾರವನ್ನು ಹೊತ್ತೇ ಕಲಿಸಿದ್ದಾರೆ. ಇಂದಿಗೂ ಹೊರುತ್ತಿದ್ದಾರೆ. ಜಿಲ್ಲೆಯಲ್ಲಿ ತುಳು ಬಲ್ಲ ಶಿಕ್ಷಕಿ ಒಂದನೇ ತರಗತಿಗೆ ಇದ್ದರೆ ಮಕ್ಕಳ ಮುಖ ಹೇಗೆ ಬದಲಾಗುತ್ತದೆ ಎಂದು ಆ ತರಗತಿಯಲ್ಲಿ ಅರ್ಧ ಗಂಟೆ ಕೂತವರಿಗೆ ತಿಳಿದೀತು.

ಓದಿದ ಮೇಲೆ ಏನು ಎಂಬ ಪ್ರಶ್ನೆ ಮಿಷನ್ನಿನ ಮುಂದೆ ಬೇಗನೆ ಬಂದು ನಿಂತಿತು. ನಾಲ್ಕನೇ ತರಗತಿ ಓದಿದ ಹುಡುಗ ಮತ್ತೆ ಅದೇ ಧಣಿಯ ಗದ್ದೆಗೆ ಹೋದರೆ ಓದಿಗೆ ಬೆಲೆಯೇನು? ಹಾಗಾಗಿ ಶಾಲೆಯ ಜೊತೆ ನೇಯ್ಗೆ, ಬಡಗಿ ಕೆಲಸ, ತೋಟಗಾರಿಕೆಯ ತರಬೇತಿ ಸೇರಿತು. ಕೆಲವರಿಗೆ ಇದು ಹಿನ್ನಡೆಯಂತೆ ಕಾಣಬಹುದು. ದಲಿತ ಮಕ್ಕಳಿಗೆ ಮತ್ತೆ ಕೈಕೆಲಸವೇ ಏಕೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಆದರೆ ಆ ಕಾಲಕ್ಕೆ ಮಗ್ಗ, ಉಳಿ ಎಂದರೆ ಜಾತಿ ಕಟ್ಟಿಕೊಟ್ಟ ಕೆಲಸದಿಂದ ಬಿಡುಗಡೆಯ ದಾರಿ. ನಗದು ಕೈಗೆ ಬರುವ ಕೆಲಸ. ರಂಗರಾಯರು ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ತಕರಾರು ಎತ್ತುತ್ತಿದ್ದೆ. ಅವರು ನಿಲ್ಲಿಸಲಿಲ್ಲ. ಓದಿದವರನ್ನು ಶಿಕ್ಷಕರನ್ನಾಗಿ ಮಾಡಿದರು, ಸರ್ಕಾರಿ ನೌಕರಿಗೆ ಕಳಿಸಿದರು, ಆಡಳಿತದ ಮೇಜಿನ ಬಳಿಗೂ ತಂದರು. ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಎಂಬ ಹೆಸರುಗಳನ್ನು ಈ ಜಿಲ್ಲೆ ಮರೆಯಬಾರದು. ಜಿಲ್ಲೆಯ ಸ್ಥಳೀಯ ಆಡಳಿತ ಸಂಸ್ಥೆಗಳಲ್ಲಿ ದಲಿತರ ಪರವಾಗಿ ಕುಳಿತ ಮೊದಲಿಗರು ಅವರು. ಇಬ್ಬರ ಹೆಸರಿನ ಹಿಂದೆಯೂ ಮಾಸ್ತರ್ ಎಂದಿರುವುದನ್ನು ಗಮನಿಸಿ. ಮುಟ್ಟಲು ಒಪ್ಪುವ ಮಾಸ್ತರರಿಗಾಗಿ ಹುಡುಕಾಡಿದ ಸಂಸ್ಥೆಯ ಕಾಲದಲ್ಲೇ ದಲಿತರ ಕೇರಿಯಿಂದಲೇ ಮಾಸ್ತರರು ಎದ್ದು ಬಂದಿದ್ದರು.

ನೆಲದ ಕೆಲಸ ಇನ್ನೊಂದು. ಒಕ್ಕಲೆಬ್ಬಿಸಿದರೆ ಇರಲು ಜಾಗವಿಲ್ಲದ ಕುಟುಂಬದ ಮಗು ಧಣಿ ಬೇಡವೆಂದ ದಿನವೇ ಶಾಲೆ ಬಿಡುತ್ತದೆ. ವಕೀಲರಾದ ರಂಗರಾಯರಿಗೆ ಇದು ಕಾನೂನಿನ ಕಣ್ಣಿನಲ್ಲಿ ಕಂಡಿತು. ಸರ್ಕಾರದ ಕೈಯಲ್ಲಿದ್ದ ಪಾಳು ಭೂಮಿ ಕೇಳಿ ಪಡೆದು ದಲಿತ ಕುಟುಂಬಗಳಿಗೆ ನಿವೇಶನ ಮಾಡಿಸಿದರು, ವಸತಿಗಳನ್ನು ಕಟ್ಟಿಸಿದರು. ದೂರದ ಊರುಗಳ ಮಕ್ಕಳಿಗೆ ವಿದ್ಯಾರ್ಥಿ ನಿಲಯ ಬಂತು. ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಮಿಷನ್ನಿನ ಆವರಣ ಬೆಳೆಯಿತು.

ಹೆಣ್ಣು ಮಕ್ಕಳ ಓದಿನಲ್ಲಿ ಅವರ ನಂಬಿಕೆ ಮಾತಿಗೆ ಸೀಮಿತವಾಗಿರಲಿಲ್ಲ ಎಂಬುದಕ್ಕೆ ಅವರ ಮನೆಯೇ ಸಾಕ್ಷಿ. ಮಗಳು ರಾಧಾಬಾಯಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಆಮೇಲೆ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲಿ ಓದಿದರು. ಜಾತಿ ಮೀರಿ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತ್ಯದ ಪ್ರಧಾನಿಯಾದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿಗೆ ಭಾರತದ ಮಹಿಳೆಯರ ಪ್ರತಿನಿಧಿಯಾಗಿ ಹೋದರು, 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದರು. ಭೂಸೇನೆಯ ಮುಖ್ಯಸ್ಥರಾದ ಜನರಲ್ ಕುಮಾರಮಂಗಲಂ, ಕೇಂದ್ರ ಸಚಿವರಾದ ಮೋಹನ್ ಕುಮಾರಮಂಗಲಂ ಅವರ ಮಕ್ಕಳು. ಮಂಗಳೂರಿನ ಕೇರಿಗಳಲ್ಲಿ ಶಾಲೆ ನಡೆಸಿದವರ ಮೊಮ್ಮಕ್ಕಳು ಇವರು ಎಂದು ದೆಹಲಿಯಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ!

ವಯಸ್ಸಾಗುತ್ತ ಬಂದಂತೆ ರಂಗರಾಯರು ಮಿಷನ್ನಿನ ಹೊಣೆಯನ್ನು ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜಕ್ಕೆ ವಹಿಸಿದರು. ಸಂಸ್ಥೆ ಕಟ್ಟಿದವರು ಅದನ್ನು ಜೀವಂತ ಇರುವಾಗಲೇ ಬೇರೆಯವರ ಕೈಗೆ ಒಪ್ಪಿಸುವುದು ನಮ್ಮಲ್ಲಿ ಅಪರೂಪ. ಮಕ್ಕಳ ಓದು ತಮ್ಮ ಆಯುಷ್ಯಕ್ಕೆ ಗಂಟು ಬೀಳಬಾರದು ಎಂಬ ಎಚ್ಚರ ಅವರಿಗಿತ್ತು. 1927ರಲ್ಲಿ ಸನ್ಯಾಸ ಸ್ವೀಕರಿಸಿ ಈಶ್ವರಾನಂದ ಎಂದಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ಊರಿನ ಜಾಡಮಾಲಿಗಳೇ ಹೊರಬೇಕೆಂದು ಕೇಳಿಕೊಂಡಿದ್ದರು. ಸಮಾಧಿ ಅತ್ತಾವರದ ಬಾಬುಗುಡ್ಡೆಯಲ್ಲಿದೆ. ತಾವು ಓದಿಸಿದ ಮಕ್ಕಳು ದೊಡ್ಡ ಹುದ್ದೆಗೆ ಏರಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ಬಾಳು ಸಾರ್ಥಕ ಎಂಬ ಅವರ ಮಾತನ್ನು ಜಿಲ್ಲೆಯ ಜನ ಬಾಯಿಪಾಠ ಮಾಡಿಕೊಂಡಿದ್ದಾರೆ. ಆ ಆಸೆಯಲ್ಲಿ ನಾನು ಮೆಚ್ಚುವುದು ಅದರ ಎತ್ತರ. ಓದು ಬರಹ ಕಲಿತರೆ ಸಾಕು ಎಂದು ಅವರು ಆಸೆಪಡಲಿಲ್ಲ, ದೊಡ್ಡ ಹುದ್ದೆಯನ್ನೇ ಆಸೆಪಟ್ಟರು. ಬಡ ಮಕ್ಕಳಿಗೆ ಪಾಠ ಹೇಳುವವರು ಬಹಳ ಸಲ ಗುರಿಯನ್ನೇ ಕುಗ್ಗಿಸಿಬಿಡುತ್ತಾರೆ. ‘ಇವರಿಗೆ ಇಷ್ಟು ಬಂದರೆ ಹೆಚ್ಚು’ ಎಂಬ ದಯೆಯ ಮಾತು ಮಗುವಿನ ಕಿವಿಗೆ ಬಿದ್ದರೆ ಅದು ಅಷ್ಟಕ್ಕೇ ನಿಲ್ಲುತ್ತದೆ.

ಗಾಂಧೀಜಿ ಹರಿಜನ ಯಾತ್ರೆಯಲ್ಲಿ 1934ರ ಫೆಬ್ರವರಿ 24ರಂದು ಮಂಗಳೂರಿಗೆ ಬಂದಾಗ ರಂಗರಾಯರು ತೀರಿ ಆರು ವರ್ಷವಾಗಿತ್ತು. ಅಸ್ಪೃಶ್ಯತೆಯ ವಿರುದ್ಧದ ಕೆಲಸದಲ್ಲಿ ಅವರಿಂದ ಪ್ರೇರಣೆ ಪಡೆದೆ ಎಂದು ಗಾಂಧೀಜಿ ನೆನೆದರೆಂದು ಜಿಲ್ಲೆಯಲ್ಲಿ ಅಭಿಮಾನದಿಂದ ಹೇಳುತ್ತಾರೆ. ಊರು ಕೂಡ ನಿಧಾನಕ್ಕೆ ಋಣ ತೀರಿಸಿತು. ಮಂಗಳೂರಿನ ಪುರಭವನಕ್ಕೆ ಇಂದು ಕುದ್ಮುಲ್ ರಂಗರಾವ್ ಅವರ ಹೆಸರಿದೆ. ಬಹಿಷ್ಕಾರ ಹಾಕಿದ ಊರು ತನ್ನ ಸಭಾಭವನಕ್ಕೆ ಅದೇ ಹೆಸರಿಟ್ಟಿತು.

ಒಂದು ಪ್ರಶ್ನೆಯನ್ನು ಇಲ್ಲಿ ಮುಚ್ಚಿಡಬಾರದು. ಮಿಷನ್ ನಡೆಸಿದ್ದು ಬೇರೆ ಶಾಲೆಗಳನ್ನು. ದಲಿತ ಮಕ್ಕಳಿಗೆ ದಲಿತ ಮಕ್ಕಳ ಶಾಲೆ. ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಎಂದು ನಾವು ಇಂದು ಹೇಳುವುದು ಇದನ್ನಲ್ಲ. ಹಂಟರ್ ಆಯೋಗ ತೆರೆದಿಟ್ಟ ಸುಲಭದ ದಾರಿಯನ್ನೇ ಮಿಷನ್ ಹಿಡಿಯಿತೇ ಎಂದು ಯಾರಾದರೂ ಕೇಳಿದರೆ ಅದು ಅವಮಾನದ ಮಾತಲ್ಲ, ಉತ್ತರ ಕೊಡಬೇಕಾದ ಮಾತು. ನನ್ನ ಉತ್ತರ ಹೀಗೆ. ಒಂದೇ ಬೆಂಚಿನಲ್ಲಿ ಕೂರಿಸುವ ಹಕ್ಕನ್ನು ಧಾರವಾಡದ ಹುಡುಗ ಕೇಳಿ ಗೆದ್ದ, ಆದರೆ ಆ ಗೆಲುವು ಅವನನ್ನು ಓದಿಸಲಿಲ್ಲ. ರಂಗರಾಯರು ಮೊದಲು ಓದಿಸಿದರು. ಓದಿದವರು ಶಿಕ್ಷಕರಾಗಿ, ನೌಕರರಾಗಿ, ಸದಸ್ಯರಾಗಿ ಊರ ನಡುವೆ ನಿಂತ ಮೇಲೆ ಅವರ ಮಕ್ಕಳನ್ನು ಊರ ಶಾಲೆಯಿಂದ ಹೊರಗಿಡುವುದು ಕಷ್ಟವಾಯಿತು. ಬೇರೆ ಶಾಲೆಯನ್ನು ಅವರು ಕೊನೆಯ ನಿಲ್ದಾಣ ಎಂದುಕೊಂಡಿದ್ದರೆ ನಗರಸಭೆ, ಜಿಲ್ಲಾ ಬೋರ್ಡು, ಸರ್ಕಾರಿ ಕಚೇರಿಗಳ ಬಾಗಿಲು ಬಡಿಯುತ್ತಿರಲಿಲ್ಲ.

ಆ ಬೇರೆ ಶಾಲೆ ಈಗ ಬೇರೆ ವೇಷದಲ್ಲಿ ಮರಳಿದೆ ಎಂಬುದು ನನ್ನ ನೋವು. ಕಾನೂನಿನ ಕಣ್ಣಿಗೆ ಇಂದು ಎಲ್ಲ ಶಾಲೆಯೂ ಎಲ್ಲರಿಗೂ ತೆರೆದಿದೆ. ಊರೂರಲ್ಲಿ ನೋಡಿ: ದುಡ್ಡಿರುವ ಮನೆಯ ಮಕ್ಕಳನ್ನು ಹಳದಿ ಬಸ್ಸು ಬಂದು ಪೇಟೆಯ ಶಾಲೆಗೆ ಕೊಂಡೊಯ್ಯುತ್ತದೆ. ಊರ ಸರ್ಕಾರಿ ಶಾಲೆಯಲ್ಲಿ ಉಳಿಯುವವರು ದಲಿತರ, ಆದಿವಾಸಿಗಳ, ಕೂಲಿಕಾರರ, ವಲಸೆ ಬಂದವರ ಮಕ್ಕಳು. ಯಾರೂ ಹೊರಗೆ ನಿಲ್ಲು ಎನ್ನಲಿಲ್ಲ, ಉಳಿದವರೆಲ್ಲ ಎದ್ದು ಹೋದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಮೊದಲ ತರಗತಿಯಲ್ಲಿ ಶೇಕಡ 25 ಸೀಟುಗಳನ್ನು ದುರ್ಬಲ ವರ್ಗಗಳ ಮಕ್ಕಳಿಗೆ ಇಟ್ಟದ್ದು ಈ ಗೋಡೆಯಲ್ಲಿ ಒಂದು ಕಿಂಡಿ ಮಾಡಲಿಕ್ಕೆ. ಕರ್ನಾಟಕ ತನ್ನ ನಿಯಮಕ್ಕೆ ತಿದ್ದುಪಡಿ ತಂದು, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಖಾಸಗಿ ಶಾಲೆಗೆ ಆ ಹೊಣೆ ಇಲ್ಲವೆಂದಿತು. 2019ರಲ್ಲಿ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಸರ್ಕಾರಿ ಶಾಲೆ ಉಳಿಯಬೇಕು ಎಂಬ ಕಾಳಜಿ ಆ ತಿದ್ದುಪಡಿಯ ಹಿಂದೆ ಇತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಉಳ್ಳವರ ಮಕ್ಕಳು ಸರ್ಕಾರಿ ಶಾಲೆಗೆ ಮರಳಿ ಬರದೆ, ಬಡವರ ಮಕ್ಕಳು ಖಾಸಗಿ ಶಾಲೆಗೆ ಹೋಗಲೂ ಆಗದೆ ಇದ್ದರೆ, ಇವರಿಬ್ಬರೂ ಜೊತೆಗೆ ಕೂರುವುದು ಎಲ್ಲಿ? ಮಧ್ಯಾಹ್ನದ ಊಟವನ್ನು ದಲಿತ ಹೆಂಗಸು ಬೇಯಿಸಿದಳೆಂದು ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ ನಮ್ಮ ರಾಜ್ಯದಿಂದ ಇನ್ನೂ ಬರುತ್ತಿದೆ. ಜೊತೆಗೆ ಕೂತು ಬೆಳೆಯದವರು ದೊಡ್ಡವರಾದ ಮೇಲೆ ಜೊತೆಗೆ ಬಾಳುವುದನ್ನು ಹೇಗೆ ಕಲಿಯುತ್ತಾರೆ?

ಅಂಕಿಗಳನ್ನೂ ನೋಡೋಣ. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಸಾಕ್ಷರತೆ ಶೇಕಡ 75ಕ್ಕೆ ಮುಟ್ಟಿತ್ತು. ಪರಿಶಿಷ್ಟ ಜಾತಿಗಳದ್ದು 65, ಪರಿಶಿಷ್ಟ ಪಂಗಡಗಳದ್ದು 62. ದಕ್ಷಿಣ ಕನ್ನಡ ಜಿಲ್ಲೆ ಶೇಕಡ 88 ದಾಟಿ ರಾಜ್ಯಕ್ಕೇ ಮೊದಲಿತ್ತು. ಆ ಎತ್ತರದಲ್ಲಿ ಬಾಸೆಲ್ ಮಿಷನ್ನಿನ ಶಾಲೆಗಳಿಗೆ, ಕ್ರೈಸ್ತ ಕಾನ್ವೆಂಟುಗಳಿಗೆ, ಊರವರು ಕಟ್ಟಿದ ಅನುದಾನಿತ ಶಾಲೆಗಳಿಗೆ ಪಾಲಿದೆ, ಡಿ.ಸಿ.ಎಂ. ಶಾಲೆಗಳಿಗೂ ಇದೆ. ಅದೇ ಜಿಲ್ಲೆಯ ಕೊರಗರ ಹಾಡಿಗಳಿಗೆ ಹೋದರೆ ಈ ಹೆಮ್ಮೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ವಿಶೇಷ ದುರ್ಬಲ ಬುಡಕಟ್ಟು ಎಂದು ಸರ್ಕಾರವೇ ಗುರುತಿಸಿರುವ ಈ ಸಮುದಾಯದಲ್ಲಿ ಓದಿ ಪದವಿ ಪಡೆದವರು, ಸಂಶೋಧನೆ ಮಾಡಿದವರು ಇದ್ದಾರೆ. ಎಂಟನೇ ತರಗತಿಯ ಆಸುಪಾಸಿನಲ್ಲಿ ಶಾಲೆ ಬಿಟ್ಟು ಕೂಲಿಗೆ ಹೋಗುವ ಮಕ್ಕಳೂ ಇದ್ದಾರೆ.

ಆ ಮಕ್ಕಳಿಗಾಗಿ ಇಂದು ಯೋಜನೆಗಳಿಲ್ಲ ಎನ್ನುವಂತಿಲ್ಲ. ಆಶ್ರಮ ಶಾಲೆ ಇದೆ, ಹಾಸ್ಟೆಲ್ ಇದೆ, ವಿದ್ಯಾರ್ಥಿವೇತನ ಇದೆ, ಬಿಸಿಯೂಟ, ಹಾಲು, ಸಮವಸ್ತ್ರ ಇವೆ. ನಲಿಕಲಿ ಪದ್ಧತಿ 1990ರ ದಶಕದ ನಡುವೆ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಬಂದಿದೆ. ಮಗು ಗೈರುಹಾಜರಾಗಿ ಮರಳಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಲಿ ಎಂಬುದು ಅದರ ತಿರುಳು. ನಾಟಿಯ ತಿಂಗಳಲ್ಲಿ ಕಾಗುಣಿತ ಮರೆತ ಮಗುವಿಗೆ ಇದಕ್ಕಿಂತ ಬೇಕಾದದ್ದು ಇನ್ನೇನು? ಕೊರತೆ ಇರುವುದು ಇವೆಲ್ಲವನ್ನೂ ಒಂದೇ ಮಗುವಿನ ಸುತ್ತ ಸೇರಿಸುವ ಕೈಯಲ್ಲಿ. ಊಟ ಒಂದು ಇಲಾಖೆಯದು, ಹಾಸ್ಟೆಲ್ ಇನ್ನೊಂದರದು, ನಿವೇಶನ ಮತ್ತೊಂದರದು, ಪಾಠ ಬೇರೊಂದರದು. ವಿದ್ಯಾರ್ಥಿವೇತನ ಬರುವ ಹೊತ್ತಿಗೆ ಮಗು ಶಾಲೆ ಬಿಟ್ಟಿರುತ್ತದೆ. ಮಿಷನ್ನಿನಲ್ಲಿ ಎರಡು ಪೈಸೆ ಅದೇ ದಿನ ಕೈಗೆ ಬರುತ್ತಿತ್ತು, ಮಗು ಬಾರದಿದ್ದರೆ ಏಕೆ ಬರಲಿಲ್ಲ ಎಂದು ಕೇರಿಗೆ ಹೋಗಿ ಕೇಳಲು ಜನರಿದ್ದರು, ನೆಲದ ತಕರಾರಿದ್ದರೆ ಅದನ್ನು ಹಿಡಿದು ಕಚೇರಿಗೆ ಹೋಗಲು ವಕೀಲರೊಬ್ಬರಿದ್ದರು.

ಹಾಗಾಗಿ ಇದನ್ನು ಓದುವವರಲ್ಲಿ, ಅದರಲ್ಲೂ ಡಿ.ಸಿ.ಎಂ. ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಓದಿದ ಕುಟುಂಬಗಳವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಊರಿನ ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಗೆ ಹೋಗಿ ಸೇರಿ. ಹಾಜರಿ ಪುಸ್ತಕ ತೆಗೆಸಿ, ಜೂನ್‌ನಿಂದ ಆಗಸ್ಟ್‌ವರೆಗೆ ಯಾರ ಹೆಸರಿನ ಮುಂದೆ ಗೈರು ಹೆಚ್ಚಿದೆ ನೋಡಿ. ಆ ಮನೆಗೆ ಹೋಗಿ ಕಾರಣ ಕೇಳಿ. ಕಾರಣ ಹಸಿವಾದರೆ ಅದನ್ನು, ಜಾಗದ ಪತ್ರವಾದರೆ ಅದನ್ನು, ಮಾತು ತಿಳಿಯದ ಪಾಠವಾದರೆ ಅದನ್ನು ಹಿಡಿದು ಸಂಬಂಧಪಟ್ಟ ಕಚೇರಿಯ ಮೆಟ್ಟಿಲು ಹತ್ತಿ. ನಿಮ್ಮ ಮಕ್ಕಳನ್ನೂ ಅದೇ ಶಾಲೆಗೆ ಸೇರಿಸಲು ಆದರೆ ಸೇರಿಸಿ.